ಹೊಂಗೆ ಮರದಡಿಯ ಮರಳು

ಚಪ್ಪಡಿ ಕಲ್ಲನ್ನು ಹಾರೆ ಹಾಕಿ ಮಗುಚಿದರೆ ಅದರಡಿ ಮಣ್ಣಿರಲಿಲ್ಲ, ಮರಳಿತ್ತು.

ಅಪ್ಪು ಗುದ್ದಲಿ ಊರಿಕೊಂಡು ಬಗ್ಗಿ ನೋಡಿದ. ಹೊಂಗೆ ಮರದ ಸುತ್ತಲಿನ ಹೊಲವೆಲ್ಲ ಕೆಂಪು ಮಣ್ಣು. ಚಿನಕುರಳಿಯ ಈ ದಿಕ್ಕಿನಲ್ಲಿ ಎಲ್ಲಿ ಅಗೆದರೂ ಬಂಡೆ ಸಿಗುತ್ತದೆಯೇ ಹೊರತು ಮರಳು ಸಿಕ್ಕಿದ್ದನ್ನು ಕಂಡವರಿಲ್ಲ.

“ಯಾಕ್ಲಾ ಕುಮಾರ, ನಿಮ್ಮಪ್ಪ ಮರಳು ದಂಧೆ ಇಟ್ಕಂಡಿದ್ನೇನ್ಲಾ?” ಎಂದ.

ಅಗೆಯಲು ಬಂದಿದ್ದ ಉಳಿದವರು ನಕ್ಕರು. ನಕ್ಕ ಮೇಲೆ, ತಾವು ಅಗೆಯುತ್ತಿರುವುದು ಆ ಅಪ್ಪನ ಗುಂಡಿಯನ್ನೇ ಎಂಬುದು ನೆನಪಾಗಿ ಬೀಡಿ ಹಚ್ಚಿದರು.

ಕುಮಾರ್ ನಗಲಿಲ್ಲ. ಬೆಳಗಿನಿಂದ ಅವನು ಯಾರ ಮಾತಿಗೂ ಹಲ್ಲು ಬಿಟ್ಟಿರಲಿಲ್ಲ. ಅಪ್ಪ ಕೆಂಪಣ್ಣ ನಸುಕಿನಲ್ಲಿ ಹೊಲಕ್ಕೆ ಬಂದವನು ಇದೇ ಮರಕ್ಕೆ ಒರಗಿ ಕೂತು, ಕೂತಂತೆಯೇ ಹೋಗಿದ್ದ. ನನ್ನನ್ನು ಹೊಂಗೆ ಮರದ ಹತ್ತಿರವೇ ಮಣ್ಣು ಮಾಡಿ ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ್ದ. ಆದರೆ ಮರ ಇದ್ದದ್ದು ಬದುವಿನ ಮೇಲೆ. ಬದುವಿನ ಆಚೆ ಬೈರಮ್ಮನ ಹೊಲ. ಗಡಿಗೆ ಇಷ್ಟು ಹತ್ತಿರ ಹೆಣ ಇಡಬೇಕಾದರೆ ಪಕ್ಕದ ಹೊಲದವರು ಹೂಂ ಅನ್ನಬೇಕು. ಕೆಂಪಣ್ಣನ ಅಣ್ಣ ನಾಗರಾಜು ಬೆಳಿಗ್ಗೆಯೇ ಹೋಗಿ ಕೇಳಿ ಬಂದಿದ್ದ. ಬೈರಮ್ಮ ಪೂರ್ತಿ ಕೇಳಿಸಿಕೊಂಡು, ಏನೂ ಹೇಳದೆ ಬಾಗಿಲು ಹಾಕಿಕೊಂಡಿದ್ದಳು.

“ಅಲ್ಲಿ ಬ್ಯಾಡ ಕಣ್ಲಾ, ಬೋರ್‌ವೆಲ್ ತಾವ ಮಾಡವ. ಆವಮ್ಮ ಬಂದು ಎಣದ ಮುಂದೆ ರಂಪ ಮಾಡುದ್ರೆ?” ಎಂದಿದ್ದ ನಾಗರಾಜು.

ಕುಮಾರ್ ಹಾರೆ ಹೆಗಲಿಗೇರಿಸಿಕೊಂಡು ಇಲ್ಲಿಗೇ ಬಂದಿದ್ದ. ಬದುಕಿದ್ದಷ್ಟು ದಿನ ಊರೆಲ್ಲ ಅಪ್ಪನನ್ನು ಓರೆಗಣ್ಣಲ್ಲಿ ನೋಡಿದ್ದು ಸಾಕು, ಇವತ್ತೊಂದು ದಿನ ಅವನು ಕೇಳಿದ ಜಾಗ ಅವನಿಗೆ ಸಿಗಬೇಕು. ಹೊತ್ತು ಮುಳುಗುವುದರೊಳಗೆ ಸಿಗಬೇಕು.

ಬೈರಮ್ಮ ಬಾಗಿಲು ಹಾಕಿಕೊಂಡದ್ದು ಏಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹತ್ತು ವರ್ಷದ ಹಿಂದೆ ಅವಳ ಒಬ್ಬನೇ ಮಗ ಶಂಕರ ಕೆಂಪಣ್ಣನ ಜೊತೆ ಸಮುದ್ರ ನೋಡಲು ಹೋದವನು ತಿರುಗಿ ಬರಲಿಲ್ಲ. ಹೆಣವೂ ಬರಲಿಲ್ಲ.

ಅಪ್ಪು ಮರಳನ್ನು ಬೊಗಸೆಯಲ್ಲಿ ಎತ್ತಿ ಬೆರಳ ಸಂದಿಯಿಂದ ಸುರಿದ. ಅಂಗೈಯಲ್ಲಿ ಒಂದು ಚಿಪ್ಪು ಉಳಿಯಿತು. ಉಗುರಿನಷ್ಟೇ ಇತ್ತು, ಮೈಮೇಲೆ ಗುಲಾಬಿ ಬಣ್ಣದ ಗೀರು.

“ಲೇ, ಇದು ಕಾವೇರಿ ಮರಳಲ್ಲ ಕಣ್ಲಾ,” ಎಂದ. ಈ ಸಲ ಯಾರೂ ನಗಲಿಲ್ಲ.

*

ಕೆಂಪಣ್ಣನಿಗೆ ಊರಿನಲ್ಲಿ ‘ಒಂದಿನದ ಕೆಂಪಣ್ಣ’ ಎಂದು ಹೆಸರು. ಡೈರಿಯಲ್ಲಿ ಹಾಲು ಅಳೆಯುತ್ತಿದ್ದ. ವರ್ಷಕ್ಕೊಮ್ಮೆ ಒಂದು ದಿನದ ಟೂರ್ ಹಾಕುತ್ತಿದ್ದ, ಅದೂ ಸಮುದ್ರಕ್ಕೆ ಮಾತ್ರ. ದೇವಸ್ಥಾನದ ಟೂರು ಯಾವನು ಬೇಕಾದರೂ ಹಾಕುತ್ತಾನೆ ಎನ್ನುತ್ತಿದ್ದ.

ನೀರೆಂದರೆ ನಾಲೆ, ಬಹಳವೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಎಂದುಕೊಂಡಿದ್ದ ಹೆಂಗಸರಿಗೆ ಅವನು ಸಮುದ್ರದ ಹುಚ್ಚು ಹಿಡಿಸಿದ್ದ. ಆದರೆ ಹಸು ಕಟ್ಟಿದವಳು ಎಲ್ಲಿಗೆ ಹೋದಾಳು? ಬೆಳಿಗ್ಗೆ ಕರೆಯಬೇಕು, ಸಂಜೆ ಕರೆಯಬೇಕು. ಗಂಡ ಸತ್ತ ದಿನವೂ ಕರೆಯಬೇಕು. ಬೇರೆಯವರು ಬಸ್ಸಿನ ಬಾಡಿಗೆ ನೋಡಿ ಟೂರ್ ಹಾಕಿದರೆ ಕೆಂಪಣ್ಣ ಕೆಚ್ಚಲು ನೋಡಿ ಹಾಕುತ್ತಿದ್ದ. ಶನಿವಾರ ಸಂಜೆ ಡೈರಿಗೆ ಹಾಲು ಹುಯ್ದು ಗಾಡಿ ಹತ್ತಿದರೆ ಕೆ.ಆರ್. ಪೇಟೆ, ಹಾಸನ ದಾಟಿ ಘಟ್ಟ ಇಳಿದು, ಬೆಳಗಾಗುವ ಹೊತ್ತಿಗೆ ಕಾಲಡಿಯಲ್ಲಿ ಸಮುದ್ರ. ಸೋಮವಾರ ಹಸು ಕರೆಯುವ ಹೊತ್ತಿಗೆ ತಿರುಗಿ ಊರು. ನಡುವೆ ಬರುವ ಭಾನುವಾರದ ಹಾಲಿಗೆ ಅವನು ಮುಯ್ಯಾಳು ಮಾಡಿದ್ದ. ಇವತ್ತು ನನ್ನ ಗದ್ದೆ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ ಎನ್ನುವ ಹಳೆಯ ಲೆಕ್ಕವೇ. ಈ ವರ್ಷ ಮೇಲಿನ ಬೀದಿಯವರು ಹೋದರೆ ಕೆಳಗಿನ ಬೀದಿಯವರು ಅವರ ಹಸು ಕರೆಯಬೇಕು, ಮುಂದಿನ ವರ್ಷ ಇವರದ್ದು ಅವರು. ಯಾವ ಹಸು ಯಾವ ಕೈಗೆ ಸೊರ ಬಿಟ್ಟು ಹಾಲು ಇಳಿಸುತ್ತದೆ, ಯಾವುದು ಒದೆಯುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು.

“ಎಂಗಿರ್ತದೋ ಕೆಂಪ, ಸಮುದ್ರ?” ಎಂದು ಒಂದು ದಿನ ಬೈರಮ್ಮ ಡೈರಿಯಲ್ಲಿ ಕೇಳಿದಳು.

ಕೆಂಪಣ್ಣ ಅವಳ ಪಾತ್ರೆಯ ಹಾಲನ್ನು ಕ್ಯಾನಿಗೆ ಎತ್ತರದಿಂದ ಸುರಿದ. ನೊರೆ ಎದ್ದಿತು.

“ಇಂಗೇ ಕಣಕ್ಕ. ಯಾರೋ ಆಕಾಸದಷ್ಟುದ್ದ ಕ್ಯಾನಿಂದ ಆಲು ಸುರೀತಾನೇ ಅವ್ರೆ ಅನ್ಕೊ. ನೊರೆ ಕಾಲ್ ತಾವ್ಕೆ ಬಂದು ಒಂದು ಗೆರೆ ಎಳೀತದೆ. ಆಮ್ಯಾಕೆ ಇಂದಕ್ಕೆ ಓಯ್ತದೆ.”

ಅವತ್ತೇ ಬೈರಮ್ಮ ಸೀಟು ಹೇಳಿದಳು. ಹೊರಡುವ ಶನಿವಾರ ಅವಳ ಹಸುವಿಗೆ ನೋವು ಕಾಣಿಸಿಕೊಂಡಿತು. ಕರು ಹಾಕುವ ಹಸುವನ್ನು ಯಾರ ಕೈಗೆ ಬಿಟ್ಟು ಹೋಗುವುದು? ನನ್ನ ಸೀಟಿನಲ್ಲಿ ನೀನು ಹೋಗಿ ಬಾ ಎಂದು ಶಂಕರನನ್ನು ಹತ್ತಿಸಿದಳು. ನಾವೆಲ್ಲ ಹೊರಟಿದ್ದೇವೆ, ನೀನು ಹೇಗೂ ಊರಲ್ಲೇ ಇರುತ್ತೀಯಲ್ಲ, ಭಾನುವಾರ ನಮ್ಮ ಹಸುವನ್ನೂ ಕರೆದುಬಿಡಕ್ಕ ಎಂದು ಕೆಂಪಣ್ಣ ಕಿಟಕಿಯಿಂದ ಕೂಗಿ ಹೇಳಿದ.

ಭಾನುವಾರ ಬೈರಮ್ಮನ ಹಸು ಹೆಣ್ಣು ಕರು ಹಾಕಿತು. ಮಗನಿಗೆಂದು ಗಿಣ್ಣು ಕಾಯಿಸಿ, ತಟ್ಟೆ ಮುಚ್ಚಿಕೊಂಡು ಅವಳು ಸೋಮವಾರ ನಸುಕಿನಲ್ಲಿ ಬಸ್ ಸ್ಟಾಪಿನಲ್ಲಿ ಕಾದಿದ್ದಳು. ಗಾಡಿಯಿಂದ ಎಲ್ಲರೂ ಇಳಿದ ಮೇಲೂ ಅವಳು ಒಳಗೆ ಬಗ್ಗಿ ಸೀಟುಗಳ ಸಂದಿಯಲ್ಲಿ ಹುಡುಕಿದಳು. ಕೊನೆಗೆ ಕೆಂಪಣ್ಣನ ಎದುರು ನಿಂತು ಒಂದೇ ಮಾತು ಹೇಳಿದಳು.

“ಈ ಮುಯ್ಯಿ ತೀರಿಸ್ಕಳ್ದೆ ನಾನು ಸಾಯಕಿಲ್ಲ ಕಣೋ.”

*

ಮರಳನ್ನು ಎತ್ತಿ ಆಚೆ ಹಾಕಿ ಗುಂಡಿ ತೋಡಿ ಎಂದು ನಾಗರಾಜು ಬಂದವನೇ ಹೇಳಿದ. ಅದಕ್ಕೂ ಮೊದಲು ಮರಳು ಎಲ್ಲಿಯವರೆಗಿದೆ ನೋಡೋಣವೆಂದು ಅಪ್ಪು ಸುತ್ತಲ ಮೇಲ್ಮಣ್ಣು ಕೆರೆಯತೊಡಗಿದ. ಕೆರೆದಷ್ಟೂ ಅದರ ಅಂಚು ಬಿಚ್ಚಿಕೊಂಡಿತು. ಕೆಂಪು ಮಣ್ಣಿನ ನಡುವೆ ಬಿಳಿಯ ಪಟ್ಟೆ. ಒಂದು ಕಡೆ ಅಗಲ, ಹೋಗುತ್ತ ಹೋಗುತ್ತ ಸಣ್ಣ. ಅಪ್ಪು ಹಿಂದೆ ಸರಿದು ನಿಂತು ನೋಡಿದ. ಸರಿಯಾಗಿ ಒಬ್ಬ ಆಳಿನುದ್ದ. ತಲೆ ದಕ್ಷಿಣಕ್ಕೆ.

ಬೀಡಿ ಸೇದುತ್ತಿದ್ದವರು ಬೀಡಿ ಎಸೆದರು. ಅಪ್ಪು ಚಪ್ಪಲಿ ಬಿಟ್ಟ.

“ಒಳಗೆ ಯಾರನ್ನಾರ ಮಡಗವ್ರಾ?” ಎಂದು ಒಬ್ಬ ಪಿಸುಗುಟ್ಟಿದ.

ನಾಗರಾಜು ಬೆವರು ಒರೆಸಿಕೊಂಡ. ಗುಂಡಿಯ ಮೇಲೆ ಗುಂಡಿ ತೆಗೆಯುವ ಹಾಗಿಲ್ಲ. ಗುಂಡಿಯೋ ಅಲ್ಲವೋ ಎಂದು ತಿಳಿಯಲು ಅಗೆಯುವ ಹಾಗೂ ಇಲ್ಲ. ನಿಮ್ಮವ್ವನನ್ನು ಕೇಳಿಕೊಂಡು ಬಾ ಎಂದು ಅವನು ಕುಮಾರನನ್ನು ಮನೆಗೆ ಅಟ್ಟಿದ.

ಮನೆಯ ಮುಂದೆ ಶಾಮಿಯಾನದಡಿ ಕೆಂಪಣ್ಣನನ್ನು ಕೂರಿಸಿದ್ದರು. ಹೆಗಲ ಮೇಲೆ ಅವನ ಹಸಿರು ಟವೆಲ್ ಹಾಕಿದ್ದರು. ಪಕ್ಕದಲ್ಲಿ ಯಶೋದಮ್ಮ ಕೂತಿದ್ದಳು, ಅತ್ತು ಅತ್ತು ದನಿ ಹೋಗಿತ್ತು. ಸುತ್ತ ಹೆಂಗಸರು. ಹಿತ್ತಿಲ ಕೊಟ್ಟಿಗೆಯಲ್ಲಿ ಹಸು ಒಂದೇ ಸಮ ಕೂಗುತ್ತಿತ್ತು. ಬೆಳಗಿನಿಂದ ಅದನ್ನು ಕರೆದಿರಲಿಲ್ಲ. ಇಬ್ಬರು ಹೋಗಿ ಕೈ ಹಾಕಿ ಒದೆಸಿಕೊಂಡು ಬಂದಿದ್ದರು.

ಮರಳಿನ ಸುದ್ದಿ ಕುಮಾರನಿಗಿಂತ ಮೊದಲೇ ಬಂದು ಕೂತಿತ್ತು. ಮಂಗಳಮ್ಮ, ಶಂಕರ ಹೋದ ಮೇಲೂ ತಪ್ಪದೆ ಟೂರಿಗೆ ಸೀಟು ಹಿಡಿದವಳು, ಮಗ್ಗುಲವಳ ಕಿವಿಗೆ ಬಾಯಿಟ್ಟಿದ್ದಳು. ಅದೇ ಬಾಯಿ ಡೈರಿಯ ಜಗಲಿಯಲ್ಲಿ, ಹುಡುಗನನ್ನು ಸಮುದ್ರಕ್ಕೆ ಕೊಟ್ಟು ಬಂದವನಿಗೆ ಮತ್ತೆ ಟೂರು ಬೇಕಂತೆ ಎಂದು ಹತ್ತು ವರ್ಷ ಆಡಿತ್ತು. ಆಡಿ, ಕಿಟಕಿ ಪಕ್ಕದ ಸೀಟನ್ನೇ ಕೇಳಿತ್ತು. ಕುಮಾರ್ ಅವಳತ್ತ ನೋಡಿದ ನೋಟಕ್ಕೆ ಅವಳು ಸೆರಗು ಸರಿಮಾಡಿಕೊಂಡಳು.

“ಅಲ್ಲೇನೈತವ್ವ?” ಎಂದ ಕುಮಾರ್.

ಯಶೋದಮ್ಮ ಗಂಡನ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಪ್ರತಿ ವರ್ಸ ಟೂರಿಂದ ಬರೋವಾಗ ಟವಲ್ಲಲ್ಲಿ ಒಂದು ಗಂಟು ತತ್ತಿದ್ರಲ್ಲ. ಒಣಮೀನು ಯಾವಳಿಗೋ ಕೊಡಕ್ಕೆ ಒಯ್ತಾವ್ನೆ ಅಂತ ನೀವೆಲ್ಲ ಆಡ್ಕಂಡು ನಗ್ತಿದ್ರಿ.” ಕೊನೆಯ ಮಾತು ಮಂಗಳಮ್ಮನಿಗೆ. “ಮನೆಗೆ ಬತ್ತಿರ್ಲಿಲ್ಲ, ನೆಟ್ಟಗೆ ಒಲಕ್ಕೆ ಓಗೋರು. ಒಂದ್ಸಲ ನಾನೂ ಇಂದೆ ಓದೆ. ಚಪ್ಪಡಿ ಸರಿಸಿ ಸುರೀತಿದ್ರು. ಏನಿದು ಅಂದೆ. ‘ಉಡುಗನ್ನ ವಸಿ ವಸಿಯಾಗೇ ಕರ್ಕಂಬತ್ತಾ ಇವ್ನಿ ಕಣೆ’ ಅಂದ್ರು.”

ಹಸು ಮತ್ತೆ ಕೂಗಿತು.

*

ಆ ಭಾನುವಾರ ದಡದಲ್ಲಿ ಕುಮಾರನೂ ಇದ್ದ. ಆಗ ಅವನಿಗೆ ಹನ್ನೆರಡು. ಅಪ್ಪನ ಪಕ್ಕದಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ.

ಊರಿನ ಹುಡುಗರಿಗೆಲ್ಲ ನಾಲೆಯಲ್ಲಿ ಈಜು ಕಲಿಸಿದವನು ಕೆಂಪಣ್ಣನೇ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ತಳ್ಳಿ, ಮೊದಲು ಕಲಿಸುತ್ತಿದ್ದದ್ದು ಒಂದೇ ಪಾಠ: ನೀರು ಎಳೆದರೆ ಅದಕ್ಕೆ ಎದುರು ಬೀಳಬೇಡ. ಕೈಕಾಲು ಬಡಿದು ಸುಸ್ತಾಗಬೇಡ. ಅದರ ಜೊತೆಗೇ ಹೋಗು. ಮುಂದೆ ಬಟ್ಟೆ ಒಗೆಯುವ ಮೆಟ್ಟಿಲು ಸಿಗುತ್ತದೆ, ಹಿಡಿದು ಮೇಲೆ ಬಾ. ನಾಲೆಯ ಹುಡುಗರು ಹೀಗೆ ಎಷ್ಟು ಸಲ ತೇಲಿ ಹೋಗಿ, ಮುಂದಿನ ಊರಿನ ಮೆಟ್ಟಿಲು ಹತ್ತಿ ನಗುತ್ತ ನಡೆದು ಬಂದಿರಲಿಲ್ಲ!

ಶಂಕರ ಒಳ್ಳೆಯ ಈಜುಗಾರ. ಸೊಂಟದ ನೀರಿನಲ್ಲಿ ನಿಂತಿದ್ದವನನ್ನು ಹಿಂದಕ್ಕೆ ಹೊರಟ ಒಂದು ಅಲೆ ಕಾಲು ಹಿಡಿದು ಸರಕ್ಕನೆ ಎಳೆಯಿತು. ಅವನು ತಿರುಗಿ ದಡದ ಕಡೆ ನಾಲ್ಕು ಕೈ ಹಾಕಿದ. ಹಾಕಿದರೂ ಹಿಂದೆ ಹಿಂದೆ ಹೋಗುತ್ತಿದ್ದ. ಕೆಂಪಣ್ಣ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ.

“ಎದುರು ಬೀಳಬ್ಯಾಡ ಕಣ್ಲಾ! ಜೊತೇಲೇ ಓಗು!”

ಶಂಕರನಿಗೆ ಕೇಳಿಸಿತು. ಕೈ ಬಡಿಯುವುದನ್ನು ನಿಲ್ಲಿಸಿದ. ಆಯಿತು ಎನ್ನುವಂತೆ ಒಂದು ಕೈ ಎತ್ತಿ ತೋರಿಸಿದ. ಅಂಗಾತ ಮಲಗಿ, ನಾಲೆಯಲ್ಲಿ ಹೋಗುವ ಹಾಗೆಯೇ, ಗಾಬರಿಯಿಲ್ಲದೆ ಹೊರಟ. ಅವನ ಹಳದಿ ಬನಿಯನ್ ಒಂದೊಂದು ಅಲೆಯ ನೆತ್ತಿಯಲ್ಲೂ ಸ್ವಲ್ಪ ಹೊತ್ತು ಕಾಣುತ್ತಿತ್ತು. ಮುಂದೆ ಎಲ್ಲೋ ಮೆಟ್ಟಿಲು ಸಿಗುತ್ತದೆಂದು ಕೆಂಪಣ್ಣನೂ ದಡದುದ್ದಕ್ಕೆ ಓಡಿದ. ಸ್ವಲ್ಪ ದೂರ ಓಡಿದವನು ನಿಂತುಬಿಟ್ಟ. ಬನಿಯನ್ ದಡದ ಉದ್ದಕ್ಕೆ ಹೋಗುತ್ತಿರಲಿಲ್ಲ. ನೆಟ್ಟಗೆ ಎದುರಿಗೆ ಹೋಗುತ್ತಿತ್ತು.

ದೋಣಿಯವರು ಹೋದರು, ಪೊಲೀಸರು ಬಂದರು. ಏನೂ ಸಿಗಲಿಲ್ಲ. ಕೆಂಪಣ್ಣ ಕೂಗಿದ ಮಾತು ಅಲೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿರಲಿಲ್ಲ. ಕುಮಾರ್ ಅದನ್ನು ಯಾರಿಗೂ ಹೇಳಲಿಲ್ಲ. ಆದರೆ ಅಪ್ಪನ ಟೂರಿಗೆ ಮತ್ತೆ ಹೋಗಲಿಲ್ಲ, ಶಾಲೆಯನ್ನೂ ಅರ್ಧಕ್ಕೇ ಬಿಟ್ಟ. ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ ಜಲ್ಲಿ ಟ್ರಾಕ್ಟರು ಹತ್ತಿದ. ಆ ಸದ್ದಿನಲ್ಲಿ ಬೇರೆ ದನಿ ಕೇಳುತ್ತಿರಲಿಲ್ಲ. ನಿಲ್ಲಿಸಿದರೆ ಕೇಳುತ್ತಿತ್ತು.

*

ಕುಮಾರ್ ಹೊಲಕ್ಕೆ ವಾಪಸಾದಾಗ ಬಿಸಿಲು ಓರೆಯಾಗಿತ್ತು. ಕೆಲಸ ನಿಂತೇ ಇತ್ತು. ಪಾಂಡವಪುರದಿಂದ ತಂದ ಕಲ್ಲುಪ್ಪಿನ ಮೂಟೆಯನ್ನು ಮರಕ್ಕೆ ಒರಗಿಸಿದ್ದರು. ಹೆಣ ಇಟ್ಟ ಮೇಲೆ ಸುತ್ತ ಉಪ್ಪು ಸುರಿದು ಮಣ್ಣು ಮುಚ್ಚುವುದು ಇಲ್ಲಿನವರ ಪದ್ಧತಿ. ಅವ್ವ ಹೇಳಿದ್ದನ್ನು ಅವನು ಹೇಳಿದ.

ಅಷ್ಟರಲ್ಲಿ ಅಪ್ಪು ಅವನ ಮೊಣಕೈ ಮುಟ್ಟಿ ಬದುವಿನ ಆಚೆ ತೋರಿಸಿದ.

ಕೊಯ್ದ ರಾಗಿಯ ಕೂಳೆ ತುಳಿಯುತ್ತ ಬೈರಮ್ಮ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಂಡಸರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಕುಮಾರ್ ಸರಿಯಲಿಲ್ಲ. ಅವಳು ಅವನನ್ನು ಬಳಸಿಕೊಂಡು ಹೋಗಿ ಮರಳಿನ ಮಗ್ಗುಲಲ್ಲಿ ನಿಂತು ನೋಡಿದಳು. ಉದ್ದ ನೋಡಿದಳು. ತಲೆಯ ಕಡೆ ನೋಡಿದಳು. ಆಮೇಲೆ ಮೊಣಕಾಲೂರಿ ಕೂತಳು.

“ಬೈರಕ್ಕ, ಒತ್ತು ಮುಳುಗ್ತಾ ಬಂತು. ನೀನು ಒಂದು ಮಾತು...” ಎಂದು ನಾಗರಾಜು ಶುರುಮಾಡಿದ.

ಅವಳು ಕೇಳಿಸಿಕೊಳ್ಳಲಿಲ್ಲ. ಚಿಟಿಕೆ ಮರಳು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಬಾಯೊಳಗೆ ಅದನ್ನು ಹುಡುಕಿದಳು.

“ಉಪ್ಪೇ ಇಲ್ವಲ್ಲೋ,” ಎಂದಳು. “ಸಮುದ್ರ ಉಪ್ಪಿರ್ತದಂತೆ.”

ಮಳೆಗೆ ತೊಳೆದು ಹೋಗಿರಬೇಕು ಎಂದು ಅಪ್ಪು ಮೆಲ್ಲಗೆ ಹೇಳಿದ.

ಕುಮಾರ್ ಇಳಿಯುತ್ತಿದ್ದ ಬಿಸಿಲಿನತ್ತ ನೋಡಿದ. ಈ ಹೆಂಗಸಿನ ಒಂದು ಹೂಂಗಾಗಿ ಎಲ್ಲರೂ ಕೈಕಟ್ಟಿ ನಿಂತಿದ್ದಾರೆ. ಅಲ್ಲಿ ಅಪ್ಪ ಶಾಮಿಯಾನದಡಿ ಕೂತಿದ್ದಾನೆ. ಅವತ್ತಿನ ಕೂಗನ್ನು ಹೇಳಿದರೆ ಈ ಜಾಗ ಸಿಗುವುದಿಲ್ಲ. ಹೇಳದೆ ಸಿಕ್ಕಿದರೆ ಅದು ಕದ್ದ ಜಾಗ.

“ಅತ್ತೆ,” ಎಂದ. ಹತ್ತು ವರ್ಷದಲ್ಲಿ ಅವಳನ್ನು ಹಾಗೆ ಕರೆದದ್ದು ಇದೇ ಮೊದಲು. “ಅವತ್ತು ಶಂಕ್ರಣ್ಣ ದಡಕ್ಕೇ ಈಜ್ತಾ ಇದ್ದ. ಎದುರು ಬೀಳಬ್ಯಾಡ, ಜೊತೇಲೇ ಓಗು ಅಂತ ಕೂಗ್ದೋನು ನಮ್ಮಪ್ಪ. ನಾನು ಪಕ್ಕದಲ್ಲೇ ಇದ್ದೆ. ಅವನು ಕೂಗಿದ್ಕೇ ಶಂಕ್ರಣ್ಣ ಕೈ ಆಕೋದ್ ಬುಟ್ಟ.”

ನಾಗರಾಜು ಲೇ ಎಂದು ಅವನ ತೋಳು ಹಿಡಿದ. ಕುಮಾರ್ ಕೊಡವಿದ.

ಬೈರಮ್ಮ ತಲೆ ಎತ್ತಲಿಲ್ಲ. ಬೆರಳು ಮರಳಿನಲ್ಲಿ ಗೀಚುತ್ತಿತ್ತು, ಗೀಚಿದ್ದನ್ನು ಅಂಗೈ ಅಳಿಸುತ್ತಿತ್ತು.

“ನಾಲೇಲಿ ಅಂಗೇ ಅಲ್ವಾ ಏಳ್ಕೊಡೋದು,” ಎಂದಳು.

ಗೀಚುತ್ತಿದ್ದ ಬೆರಳು ನಿಂತಿತು.

“ಗಾಡಿ ಅತ್ತುವಾಗ ನಾನೂ ಅದನ್ನೇ ಏಳಿ ಕಳ್ಸಿದ್ದೆ ಕಣಪ್ಪ. ನೀರು ಎಳುದ್ರೆ ಎದುರು ಬೀಳಬ್ಯಾಡ ಮಗ, ಜೊತೇಲೇ ಓಗು ಅಂತ. ನಂಗೇನ್ ಗೊತ್ತು? ನಾನು ಸಮುದ್ರ ಕಂಡಿದ್ನಾ?”

ದೂರದಲ್ಲಿ, ಊರಿನ ಕಡೆಯಿಂದ, ಕೆಂಪಣ್ಣನ ಹಸು ಕೂಗುವುದು ಇಲ್ಲಿಗೂ ಕೇಳಿಸಿತು.

ಕುಮಾರ್ ಮರದ ಹತ್ತಿರ ಹೋದ. ಮೂಟೆಯ ಬಾಯಿಯ ಹೊಲಿಗೆಯನ್ನು ಹಲ್ಲಿನಿಂದ ಕಿತ್ತ. ಅಪ್ಪನಿಗೆಂದು ತಂದ ಉಪ್ಪನ್ನು ಎತ್ತಿಕೊಂಡು ಬಂದು ಮರಳಿನ ಮೇಲೆ, ತಲೆಯ ಕಡೆಯಿಂದ ಕಾಲಿನ ಕಡೆಗೆ ಸುರಿಯುತ್ತ ಬಂದ. ಅರ್ಧ ಮೂಟೆ ಆದ ಮೇಲೆ ನಿಲ್ಲಿಸಿದ. ಬೈರಮ್ಮ ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡಳು. ಅವಳ ಮುಖ ಹಿಂಡಿಕೊಂಡಿತು.

“ನಿಮ್ಮ ಅಸ ಯಾಕ್ಲಾ ಆ ಪಾಟಿ ಬಡ್ಕತದೆ?”

“ಕರ್ದಿಲ್ಲ ಅತ್ತೆ. ಯಾರ್ಗೂ ಬುಡ್ತಿಲ್ಲ.”

ಅವಳು ಎದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬದು ದಾಟಿ ಊರಿನ ಕಡೆ ನಡೆದುಬಿಟ್ಟಳು.

“ಮುಯ್ಯಿ ತೀರಿಸ್ಕತಾವ್ಳೆ ಬುಡು,” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಕುಮಾರ್ ಹಾರೆ ಎತ್ತಿಕೊಂಡ. ಮರಳಿನಿಂದ ಒಂದು ತೋಳಿನಷ್ಟು ಜಾಗ ಬಿಟ್ಟು ಗೆರೆ ಎಳೆದು, ಮೊದಲ ಏಟು ತಾನೇ ಹಾಕಿದ. ಉಳಿದವರು ಒಬ್ಬೊಬ್ಬರಾಗಿ ಇಳಿದರು. ಇಲ್ಲಿ ಮಣ್ಣಿತ್ತು. ಮಣ್ಣಿನಡಿ ಎಂದಿನಂತೆ ಕಲ್ಲಿತ್ತು. ಹೊತ್ತು ಇಳಿಯುತ್ತಿತ್ತು. ಕ್ರಷರಿನಲ್ಲಿ ಕಲಿತ ಸಿಟ್ಟನ್ನೆಲ್ಲ ಅವನು ಆ ಕಲ್ಲಿನ ಮೇಲೆ ತೋರಿಸಿದ.

ತಮಟೆಯ ಸದ್ದು ಹತ್ತಿರವಾಗಿ ಕೆಂಪಣ್ಣ ಹೊಲಕ್ಕೆ ಬಂದ. ಇಳಿಸಿದರು. ಉಳಿದ ಅರ್ಧ ಮೂಟೆ ಉಪ್ಪು ಸೊಂಟದವರೆಗೆ ಮಾತ್ರ ಬಂತು, ಸಾಕು ಎಂದ ಕುಮಾರ್. ಯಶೋದಮ್ಮ ಮಣ್ಣು ಹಾಕಿದಳು, ಮಗ ಹಾಕಿದ, ಊರು ಹಾಕಿತು. ಮಂಗಳಮ್ಮ ಎರಡು ಹಿಡಿ ಹಾಕಿದಳು. ಗುಡ್ಡೆ ಏರಿಸಿ, ಮೇಲೆ ಮುಳ್ಳಿನ ಕೊಂಬೆ ಇಡುವ ಹೊತ್ತಿಗೆ ಹಸುವಿನ ಕೂಗು ನಿಂತಿದೆ ಎಂಬುದು ಕುಮಾರನ ಗಮನಕ್ಕೆ ಬಂತು. ಯಾವಾಗ ನಿಂತಿತೋ ತಿಳಿಯಲಿಲ್ಲ.

ಜನ ಕಾಲು ತೊಳೆಯಲು ಬೋರ್‌ವೆಲ್ಲಿನ ಕಡೆ ಹೊರಟಿದ್ದರು. ಬೈರಮ್ಮ ಎದುರಾಗಿ ಬಂದಳು. ಕೈಯಲ್ಲಿ ಕೆಂಪಣ್ಣನ ಮನೆಯ ಹಿತ್ತಾಳೆ ತಂಬಿಗೆ. ಸೀರೆಗೆ ಹಸುವಿನ ರೋಮ ಅಂಟಿತ್ತು. ತುಂಬಿದ ತಂಬಿಗೆ ತುಳುಕದಂತೆ ಮೆಲ್ಲಗೆ ನಡೆದು ಬಂದು, ಮೊದಲು ಹೊಸ ಗುಡ್ಡೆಯ ಹತ್ತಿರ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.

“ಅವತ್ತೂ ನನ್ ಮಗ ಓದ ಒತ್ನಲ್ಲಿ ನಾನು ಇವರ ಮನೆ ಅಸನೇ ಕರೀತಿದ್ದೆ,” ಎಂದಳು, ಯಾರಿಗೆಂದು ತಿಳಿಯಲಿಲ್ಲ.

ಆಮೇಲೆ ಮರಳಿನ ತಲೆಯ ಕಡೆ ಹೋಗಿ ಕೂತಳು. ಹಾಲು ತುಪ್ಪ ಬಿಡುವುದು ಮೂರನೇ ದಿನಕ್ಕೆ, ಇವತ್ತಲ್ಲ ಎಂದು ನಾಗರಾಜು ಹೇಳಲು ಹೋದ.

“ಇವನಿಗೆ ಎಷ್ಟನೇ ದಿನ್ವೋ ನಾಗರಾಜ?”

ನಾಗರಾಜು ಒಂದು ಹೆಜ್ಜೆ ಹಿಂದೆ ಸರಿದ.

ಅವಳು ತಂಬಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಸುರಿದಳು. ಆಗಷ್ಟೇ ಕರೆದ ಬೆಚ್ಚನೆಯ ಹಾಲು, ನೊರೆನೊರೆಯಾಗಿ ಮರಳಿನ ಮೇಲೆ ಹರಡಿಕೊಂಡು ಅವಳ ಕಾಲ ಬೆರಳಿನವರೆಗೂ ಬಂತು. ಹಾಲು ನಿಲ್ಲಲಿ ಎಂದು ಅವಳು ಕಾದಳು. ಮರಳು ಅದನ್ನು ಸದ್ದಿಲ್ಲದೆ ಕುಡಿಯಿತು. ನೊರೆ ಮಾತ್ರ ಕಾಲಿನ ಹತ್ತಿರ ಒಂದು ಬಿಳಿಯ ಗೆರೆ ಎಳೆದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದೂ ಹಿಂದಕ್ಕೆ ಹೋಯಿತು.